ಮುಂಬೈ ಸಂಬಳ, ಬೆಂಗಳೂರು ಬಾಡಿಗೆ

ಮನೆ ಬೆಲೆಯ ಮಾತು ಬಂದರೆ ದೇಶದಲ್ಲಿ ಮೊದಲ ಸ್ಥಾನ ಮುಂಬೈಯದೇ. ಬೆಂಗಳೂರು ದುಬಾರಿ ಊರುಗಳ ಸಾಲಿಗೆ ತಡವಾಗಿ ಸೇರಿತು. ನೈಟ್ ಫ್ರಾಂಕ್ ಸಂಸ್ಥೆಯ 2024ರ ಸೂಚ್ಯಂಕದಂತೆ, ಮನೆ ಕೊಳ್ಳುವ ಸರಾಸರಿ ಕುಟುಂಬ ಮುಂಬೈಯಲ್ಲಿ ಆದಾಯದ ಅರ್ಧದಷ್ಟನ್ನು ಸಾಲದ ಕಂತಿಗೆ ಎತ್ತಿಡಬೇಕು. ಬೆಂಗಳೂರಿನಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಸಾಕು. ಅಂಕಿ ಸುಳ್ಳಲ್ಲ. ಆದರೆ ಮುಂಬೈ ಮನೆಯ ಬೆಲೆಯಲ್ಲೇ ಒಟ್ಟಿಗೆ ವಸೂಲು ಮಾಡುವುದನ್ನು ಬೆಂಗಳೂರು ಅಡ್ವಾನ್ಸು, ನೋಂದಣಿ, ನೀರು, ಪೆಟ್ರೋಲು ಎಂದು ಬಿಡಿಬಿಡಿಯಾಗಿ ಕೀಳುತ್ತದೆ. ಸೂಚ್ಯಂಕದಲ್ಲಿ ಅವುಗಳಿಗೆ ಜಾಗವಿಲ್ಲ.

ಸಂಬಳ ಯಾರದು?

ಬೆಂಗಳೂರಿನ ಸರಾಸರಿ ಸಂಬಳವನ್ನು ಎತ್ತಿ ಹಿಡಿದಿರುವುದು ಮುಖ್ಯವಾಗಿ ಒಂದು ಕಸುಬು. ವಿದೇಶಿ ಕಂಪನಿಗಳು ಭಾರತದಲ್ಲಿ ನಡೆಸುವ, ಜಿಸಿಸಿ ಎಂದು ಕರೆಸಿಕೊಳ್ಳುವ ಕೇಂದ್ರಗಳು 2024ರ ಹೊತ್ತಿಗೆ ಸುಮಾರು 1,700 ಇದ್ದವು. ಅವುಗಳಲ್ಲಿ ಅರ್ಧದಷ್ಟು ಬೆಂಗಳೂರಿನಲ್ಲೇ. ಅಲ್ಲಿ ಹತ್ತು ವರ್ಷ ಪಳಗಿದ ಎಂಜಿನಿಯರಿಗೆ ಮುಂಬೈಯ ಪ್ಯಾಕೇಜು ದೊಡ್ಡದಾಗಿ ಕಾಣುವುದಿಲ್ಲ. ಮುಂಬೈಯ ದೊಡ್ಡ ಸಂಬಳ ಇರುವುದು ಹಣಕಾಸಿನಲ್ಲಿ. ರಿಸರ್ವ್ ಬ್ಯಾಂಕ್, ಸೆಬಿ, ಎರಡೂ ಷೇರುಪೇಟೆಗಳು, ಎಲ್‌ಐಸಿ, ಸ್ಟೇಟ್ ಬ್ಯಾಂಕ್ ಎಲ್ಲದರ ಕೇಂದ್ರ ಕಚೇರಿ ಅಲ್ಲೇ. ಜೊತೆಗೆ ಸಿನಿಮಾ, ಜಾಹೀರಾತು, ಬಂದರು, ಬಟ್ಟೆ ವ್ಯಾಪಾರ. ಹಾಗಾಗಿ ಅಲ್ಲಿ ದುಡಿಮೆ ಹಲವು ಕಸುಬುಗಳಲ್ಲಿ ಹಂಚಿಹೋಗಿದೆ.

ಸರಾಸರಿ ಎಂಬುದು ಕೆಳಗಿನವರನ್ನು ಮರೆಮಾಚುತ್ತದೆ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಹತ್ತು ವರ್ಷಕ್ಕೂ ಮೇಲ್ಪಟ್ಟು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಬಾಡಿಗೆ ಹಾಗೆ ನಿಂತಿಲ್ಲ.

ಸಂಬಳವನ್ನೂ ಸೂರನ್ನೂ ಬೇರೆ ಮಾಡಿ ನೋಡುವ ಅಭ್ಯಾಸವೇ ಹೊಸದು. ಹಿಂದೆ ಕರಾವಳಿಯಿಂದ ಮುಂಬೈಗೆ ಹೋದ ಹುಡುಗರು ಮಾಟುಂಗಾ, ಕೋಟೆ ಪ್ರದೇಶದ ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಹೋಟೆಲಿನಲ್ಲೇ ಮಲಗುತ್ತಿದ್ದರು. ಕೈಗೆ ಬರುತ್ತಿದ್ದದ್ದು ಪುಡಿಗಾಸು. ಆದರೆ ಊಟ, ವಸತಿ ಧಣಿಯದು. ಆ ಲೆಕ್ಕದಲ್ಲೇ ಊರಿಗೆ ಮನಿಆರ್ಡರ್ ಹೋಗುತ್ತಿತ್ತು.

ಸಮುದ್ರ ಮತ್ತು ಸೈಟು

ಮುಂಬೈಗೆ ಮೂರು ಕಡೆ ನೀರು, ನಡುವೆ ನೂರು ಚದರ ಕಿಲೋಮೀಟರಿಗೂ ದೊಡ್ಡದಾದ ರಾಷ್ಟ್ರೀಯ ಉದ್ಯಾನ. ಜಾಗವಿಲ್ಲದ್ದಕ್ಕೇ ಬೆಲೆ ಏರಿತು ಎನ್ನುವುದು ಅರ್ಧ ಸತ್ಯ; ಉಳಿದರ್ಧ ಕಾನೂನಿನ ಕೆಲಸ. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟದಲ್ಲಿ ಕಟ್ಟಿಹಾಕಿತು. ಮಾಲೀಕರು ದುರಸ್ತಿ ಕೈಬಿಟ್ಟರು, ಬಾಡಿಗೆಗೆಂದೇ ಮನೆ ಕಟ್ಟುವವರು ಕಡಿಮೆಯಾದರು, ಬಾಡಿಗೆಯ ಹಕ್ಕೇ ಕೈಬದಲಾಗುವ 'ಪಗಡಿ' ಪದ್ಧತಿ ಬೇರೂರಿತು. 1991ರ ನಿಯಮಾವಳಿ ದ್ವೀಪನಗರದಲ್ಲಿ ನಿವೇಶನದ 1.33 ಪಟ್ಟು, ಉಪನಗರಗಳಲ್ಲಿ ಒಂದು ಪಟ್ಟು ಮಾತ್ರ ಕಟ್ಟಲು ಬಿಟ್ಟಿತು. 1976ರ ನಗರ ಭೂಮಿತಿ ಕಾಯ್ದೆಯನ್ನು ಕೇಂದ್ರ 1999ರಲ್ಲಿ ರದ್ದು ಮಾಡಿದರೂ ಮಹಾರಾಷ್ಟ್ರ ಕೈಬಿಟ್ಟದ್ದು 2007ರಲ್ಲಿ. ಇದೆಲ್ಲದರ ಫಲವಾಗಿ, 2011ರ ಜನಗಣತಿಯ ಹೊತ್ತಿಗೆ ಮುಂಬೈಯ ಹತ್ತು ಕುಟುಂಬಗಳಲ್ಲಿ ನಾಲ್ಕು ಕೊಳೆಗೇರಿಯಲ್ಲಿದ್ದವು.

ಬೆಂಗಳೂರಿಗೆ ಸಮುದ್ರದ ಅಡ್ಡಿಯಿಲ್ಲ. ದೇವನಹಳ್ಳಿ, ಸರ್ಜಾಪುರ, ಹೊಸಕೋಟೆ ಎಂದು ಹರಡುತ್ತಲೇ ಹೋಯಿತು. ಇಲ್ಲಿ ಬಾಡಿಗೆ ಮನೆ ಒದಗಿಸಿದವರಲ್ಲಿ ಬಿಲ್ಡರುಗಳಿಗಿಂತ ಹೆಚ್ಚಿನ ಪಾಲು ಥರ್ಟಿ-ಫಾರ್ಟಿ ಸೈಟಿನ ಮಾಲೀಕರದು ಎನ್ನುವುದು ನನ್ನ ಅನಿಸಿಕೆ. ಕೆಳಗೆ ತಾವಿದ್ದು, ಮೇಲೆ ಎರಡು ಮಹಡಿ ಎತ್ತಿ, ತಾರಸಿಯ ಮೇಲೊಂದು ಸಿಂಗಲ್ ರೂಮ್ ಹಾಕಿ, ಗೇಟಿಗೆ 'ಟು-ಲೆಟ್' ಬೋರ್ಡು ನೇತುಹಾಕಿದ ಸಾವಿರಾರು ನಿವೃತ್ತ ನೌಕರರು ಈ ಊರಿನ ಬಾಡಿಗೆಯನ್ನು ಬಹುಕಾಲ ಹಿಡಿತದಲ್ಲಿಟ್ಟರು. ಇದಕ್ಕೆ ತೆತ್ತ ಬೆಲೆಯೂ ಇದೆ: ಕೃಷಿಭೂಮಿಯಲ್ಲೇ ಎದ್ದ ರೆವೆನ್ಯೂ ಸೈಟು, ದಾಖಲೆ ಪಕ್ಕಾ ಇಲ್ಲದ ಬಿ ಖಾತೆ, ಸಾಲ ಕೇಳಿದರೆ ಬ್ಯಾಂಕಿನವರ ಮೂಗುಮುರಿತ.

ಯಾವ ಚದರಡಿ?

ಹೋಲಿಸುವವರು ಹೆಚ್ಚಾಗಿ ಎಡವುವುದು ಇಲ್ಲೇ. ಮುಂಬೈಯವರು 'ಕಾರ್ಪೆಟ್ ಎಷ್ಟು?' ಎಂದು ಕೇಳುತ್ತಾರೆ, ಅಂದರೆ ಗೋಡೆಯೊಳಗೆ ಓಡಾಡಲು ಸಿಗುವ ನೆಲ. ಮಾರಾಟ ಈ ಅಳತೆಯಲ್ಲೇ ಆಗಬೇಕೆಂದು 2016ರ ರೇರಾ ಕಾಯ್ದೆ ಹೇಳಿದರೂ ಬೆಂಗಳೂರಿನ ಮಾತುಕತೆ ಇಂದಿಗೂ ಸೂಪರ್ ಬಿಲ್ಟ್-ಅಪ್‌ನಲ್ಲಿ; ಅದರಲ್ಲಿ ಲಿಫ್ಟು, ಮೆಟ್ಟಿಲು, ಕ್ಲಬ್‌ಹೌಸಿನ ಪಾಲೂ ಸೇರಿರುತ್ತದೆ. ಚದರಡಿಗೆ 9,000 ರೂಪಾಯಿಯಂತೆ 1,200 ಚದರಡಿ ಫ್ಲ್ಯಾಟಿಗೆ 1.08 ಕೋಟಿ ಎನ್ನೋಣ. ಒಳಗಿನ ನೆಲ ಶೇ. 70 ಎಂದು ಹಿಡಿದರೆ ಸಿಗುವುದು 840 ಚದರಡಿ; ನಿಜವಾದ ದರ 12,850ರ ಮೇಲೆ. ಮುಂಬೈಯ ದರ ಇದಕ್ಕಿಂತಲೂ ಎಷ್ಟೋ ಹೆಚ್ಚು, ಆದರೆ ಕಾಗದದ ಮೇಲೆ ಕಂಡಷ್ಟು ಅಂತರವಂತೂ ಇಲ್ಲ.

ಅಡ್ವಾನ್ಸು, ಭೋಗ್ಯ, ಕಂತು

ಬೆಂಗಳೂರಿನ ಹಳೆಯ ಕಾಟ ಹತ್ತು ತಿಂಗಳ ಅಡ್ವಾನ್ಸು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕೆನ್ನುತ್ತದೆ, ಆದರೆ ಅದು ಬರೀ ಮಾದರಿ. ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ರೂಢಿ. ಮುಂಬೈಯಲ್ಲಿ ಠೇವಣಿ ಸಣ್ಣದು, ಬಾಡಿಗೆ ದೊಡ್ಡದು. 11 ತಿಂಗಳ 'ಲೀವ್ ಅಂಡ್ ಲೈಸೆನ್ಸ್' ಕರಾರನ್ನು ನೋಂದಾಯಿಸಲೇಬೇಕು. ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವ ನಮ್ಮ ಭೋಗ್ಯದ ಮನೆಗೆ ಅಲ್ಲಿನ ಸಂಬಂಧಿ 'ಹೆವಿ ಡೆಪಾಸಿಟ್'.

ಕೊಳ್ಳುವುದಾದರೆ ಎರಡೂ ಕಡೆ ಒಂದೇ ಗಣಿತ. 80 ಲಕ್ಷ ಸಾಲಕ್ಕೆ ಶೇ. 8.5 ಬಡ್ಡಿಯಂತೆ 20 ವರ್ಷದ ಕಂತು ತಿಂಗಳಿಗೆ 69,400 ರೂಪಾಯಿ. ಕೋಟಿ ಬೆಲೆಯ ಫ್ಲ್ಯಾಟಿನ ಬಾಡಿಗೆ ಇದರ ಅರ್ಧವನ್ನೂ ಮುಟ್ಟುವುದು ಕಷ್ಟ. ಬೆಲೆ ಏರುತ್ತದೆಂಬ ನಂಬಿಕೆ ಇಲ್ಲದವರು ಬಾಡಿಗೆಯಲ್ಲೇ ಇರುವುದು ಜಾಣತನ; ಅತ್ತೆಮನೆಯವರು ಒಪ್ಪುತ್ತಾರೆಯೇ ಎನ್ನುವುದು ಬೇರೆ ಪ್ರಶ್ನೆ.

ಸರ್ಕಾರದ ಲೆಕ್ಕ

ಕೇಂದ್ರ ನೌಕರರ ಮನೆಬಾಡಿಗೆ ಭತ್ಯೆಗೆ ಎರಡೂ ನಗರಗಳು ಅತಿ ಹೆಚ್ಚು ಭತ್ಯೆಯ 'ಎಕ್ಸ್' ಶ್ರೇಣಿ. ಆದರೆ 1962ರ ಆದಾಯ ತೆರಿಗೆ ನಿಯಮಗಳು ಮೂಲವೇತನದ ಅರ್ಧದವರೆಗೆ ವಿನಾಯಿತಿ ಕೊಟ್ಟದ್ದು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮಾತ್ರ; ಬೆಂಗಳೂರಿಗೆ ಶೇ. 40ರ ಮಿತಿ ಇತ್ತು. ಆ ನಿಯಮಗಳ ಕಾಲದಲ್ಲಿ ಬೆಂಗಳೂರು ಭತ್ಯೆ ಕೊಡುವಾಗ ಮಹಾನಗರ, ತೆರಿಗೆ ಹಾಕುವಾಗ ಅಲ್ಲ.

ನೋಂದಣಿಯಲ್ಲಿ ಬೆಂಗಳೂರೇ ದುಬಾರಿ. ಕೋಟಿ ರೂಪಾಯಿಯ ಮನೆಗೆ ಮುಂಬೈಯಲ್ಲಿ ಮೆಟ್ರೊ ಸೆಸ್ ಸೇರಿ ಶೇ. 6 ಮುದ್ರಾಂಕ ಶುಲ್ಕ, ನೋಂದಣಿಗೆ ಗರಿಷ್ಠ 30,000; ಒಟ್ಟು 6.3 ಲಕ್ಷ. ಇಲ್ಲಿ ಸೆಸ್, ಸರ್ಚಾರ್ಜ್ ಸೇರಿ ಮುದ್ರಾಂಕ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ, ಅದಕ್ಕೆ ಗರಿಷ್ಠ ಮಿತಿಯೂ ಇಲ್ಲ. ಒಟ್ಟು 7.6 ಲಕ್ಷ.

ನೀರು, ರೈಲು

ಬೆಂಗಳೂರಿಗೆ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತರ ಹತ್ತಿ ಬರಬೇಕು. ಹೊರವಲಯದ 110 ಹಳ್ಳಿಗಳಿಗಾಗಿ ಕಾವೇರಿ ಯೋಜನೆಯ ಐದನೇ ಹಂತ ಚಾಲೂ ಆದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟುಗಳ ಮೆಂಟೆನೆನ್ಸ್ ಬಿಲ್ಲಿನ ತುಂಬ ಟ್ಯಾಂಕರಿನದೇ ಲೆಕ್ಕ.

ರೈಲಿನ ವಿಷಯದಲ್ಲಿ ಬೆಂಗಳೂರಿಗೆ ಉತ್ತರವಿಲ್ಲ. ಚರ್ಚ್‌ಗೇಟಿನಿಂದ 60 ಕಿಲೋಮೀಟರ್ ದೂರದ ವಿರಾರಿನಲ್ಲಿ ಮನೆ ಕೊಂಡ ಗುಮಾಸ್ತ ಕೆಲವೇ ನೂರು ರೂಪಾಯಿಯ ಮಾಸಿಕ ಪಾಸಿನಲ್ಲಿ ನೌಕರಿ ಮಾಡಬಲ್ಲ; ಗರ್ದಿಯಲ್ಲಿ ಬೆವರುತ್ತಾನೆ, ಆದರೆ ತಲುಪುತ್ತಾನೆ. ಬೆಂಗಳೂರಿನಲ್ಲಿ 2025ರ ಫೆಬ್ರುವರಿಯಿಂದ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಉಪನಗರ ರೈಲಿಗೆ ಶಂಕುಸ್ಥಾಪನೆ ಆದದ್ದು 2022ರ ಜೂನ್‌ನಲ್ಲಿ. ಅದು ಓಡುವವರೆಗೆ, ಕಡಿಮೆ ಬಾಡಿಗೆ ಅರಸಿ ಊರಾಚೆ ಹೋದವರ ಉಳಿತಾಯ ಬೈಕು, ಕಾರಿನ ಕಂತಿಗೆ ಜಮೆಯಾಗುತ್ತಿದೆ.