ಬಿದರಿಯ ಸತು, ಮೂತ್ರಪಿಂಡದ ಸತು

ಹೈದರಾಬಾದಿನ ಕನ್ನಡಿಗರಾದ ನಮಗೆ ಸತು ಅಪರಿಚಿತವಾದ ಲೋಹವೇನಲ್ಲ. ಊರಿನಿಂದ ಬಂದ ನೆಂಟರಿಗೆ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ನಾವು ಹೆಮ್ಮೆಯಿಂದ ತೋರಿಸುವ ಬಿದರಿಯ ಹುಕ್ಕಾ, ಹೂಜಿಗಳ ಮೈ ಬಹುಪಾಲು ಸತುವಿನದು. ತಾಮ್ರದ ಪಾಲು ಅಲ್ಪ. ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿಯ ಎಳೆ ಬೆಳ್ಳಗೇ ಉಳಿಯುತ್ತದೆ.

ಈ ಲೋಹವನ್ನು ಅದಿರಿನಿಂದ ಪಡೆಯುವುದು ಸುಲಭವಲ್ಲ. 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕುದಿದು ಆವಿಯಾಗಿಬಿಡುತ್ತದೆ. ಆ ಆವಿಯನ್ನು ಕೆಳಮುಖವಾಗಿ ಇಳಿಸಿ ತಣಿಸುವ ವಿದ್ಯೆ ರಾಜಸ್ಥಾನದ ಜಾವರ್‌ನ ಕುಲುಮೆಗಳಲ್ಲಿ ಸಿದ್ಧಿಸಿತ್ತು. ಜರ್ಮನಿಯ ಮಾರ್ಗ್ರಾಫ್ 1746ರಲ್ಲಿ ಸತುವನ್ನು ಬೇರ್ಪಡಿಸುವುದಕ್ಕೆ ಶತಮಾನಗಳ ಹಿಂದಿನ ಮಾತಿದು. ಆದರೆ ಅದೇ ಸತು ಮನುಷ್ಯನ ಅನ್ನದಲ್ಲಿಯೂ ಇರಲೇಬೇಕಾದ ಅಂಶವೆಂದು ತಿಳಿಯಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೆ ಕಾಯಬೇಕಾಯಿತು.

1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿ, ಬಿಹಾರ ಮೂಲದ ವೈದ್ಯ ಆನಂದ ಪ್ರಸಾದ್ ಅವರ ಮುಂದೆ ಒಬ್ಬ ರೋಗಿ ಬಂದ. ವಯಸ್ಸು 21, ನೋಡಲು ಹತ್ತು ವರ್ಷದ ಹುಡುಗ. ಹುಳಿ ಬರಿಸದ ರೊಟ್ಟಿಯೇ ಅವನ ಆಹಾರ, ಜೊತೆಗೆ ಮಣ್ಣು ತಿನ್ನುವ ಚಾಳಿ. ರಕ್ತಹೀನತೆಗೆ ಕಬ್ಬಿಣದ ಕೊರತೆ ಕಾರಣವೆನ್ನಬಹುದಿತ್ತು. ಬೆಳವಣಿಗೆ ನಿಂತುಹೋದದ್ದಕ್ಕೆ ಆ ವಿವರಣೆ ಸಾಲದಾಯಿತು. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಸತುವನ್ನು ಹಿಡಿದಿಟ್ಟು ಕರುಳಿಗೆ ದಕ್ಕಗೊಡದು. ಈಜಿಪ್ಟಿನಲ್ಲಿ ನಡೆದ ಮುಂದಿನ ಅಧ್ಯಯನ 1963ರ ಹೊತ್ತಿಗೆ ಸತುವಿನ ಕೊರತೆಯನ್ನು ಎತ್ತಿ ತೋರಿಸಿತು. ವಿದ್ವಾಂಸರ ಸಂದೇಹ ತೀರಿ, ಅಮೆರಿಕದಲ್ಲಿ ಸತುವಿನ ದೈನಿಕ ಪ್ರಮಾಣ ನಿಗದಿಯಾದದ್ದು 1974ರಲ್ಲಿ.

ಅದೇ 1958ರಲ್ಲಿ, ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ 1918ರಲ್ಲಿ ಆರಂಭಿಸಿದ್ದ ಆಹಾರ ಸಂಶೋಧನಾ ಕೇಂದ್ರ ಹೈದರಾಬಾದಿಗೆ ಸ್ಥಳಾಂತರಗೊಂಡಿತು. 1969ರಲ್ಲಿ ಅದು ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂದು ಹೆಸರು ಪಡೆಯಿತು. ನಮ್ಮ ಜೋಳ, ರಾಗಿ, ಬೇಳೆಗಳಲ್ಲಿ ಸತು ಎಷ್ಟಿದೆಯೆಂಬ ಲೆಕ್ಕ ಇಂದು ನಮಗೆ ದೊರಕುವುದು ತಾರ್ನಾಕಾದ ಆ ಸಂಸ್ಥೆಯ ಕೋಷ್ಟಕಗಳಿಂದ.

1969ರಲ್ಲಿಯೇ ಅಮೆರಿಕದ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್, ಸೂಪರ್‌ಆಕ್ಸೈಡ್ ಡಿಸ್ಮ್ಯೂಟೇಸ್ ಎಂಬ ಕಿಣ್ವದ ಕೆಲಸವನ್ನು ಪ್ರಕಟಿಸಿದರು. ಉಸಿರಿನ ಆಮ್ಲಜನಕದಿಂದಲೇ ಹುಟ್ಟಿ ಜೀವಕೋಶವನ್ನು ಸುಡುವ ಉಗ್ರ ಕಣಗಳನ್ನು ಅದು ಶಮನಗೊಳಿಸುತ್ತದೆ. ಅದರಲ್ಲಿ ದುಡಿಯುವುದು ತಾಮ್ರ, ಅದರ ರಚನೆಯನ್ನು ಬಿಗಿಹಿಡಿದು ನಿಲ್ಲಿಸುವುದು ಸತು. ಬಿದರಿಯ ಎರಡೂ ಲೋಹಗಳು ಇಲ್ಲಿಯೂ ಜೊತೆಗಿವೆ!

ದೀರ್ಘಕಾಲೀನ ಮೂತ್ರಪಿಂಡ ರೋಗದಲ್ಲಿ ಈ ಕಾವಲು ಸಡಿಲಗೊಳ್ಳುತ್ತದೆ. ಉರಿಯೂತ, ಸಂಚಿತ ವಿಷಗಳಿಂದ ಉಗ್ರ ಕಣಗಳು ಹೆಚ್ಚುತ್ತವೆ. ಇದೇ ಉತ್ಕರ್ಷಣ ಒತ್ತಡ. ಅದೇ ಹೊತ್ತಿಗೆ ಸತು ಕಡಿಮೆಯಾಗುತ್ತದೆ: ಹಸಿವಿಲ್ಲ, ಪಥ್ಯದಿಂದ ಪ್ರೋಟೀನು ತಗ್ಗಿದೆ, ಮೂತ್ರದಲ್ಲಿ ಸೋರುವ ಆಲ್ಬುಮಿನ್ ತನಗಂಟಿದ ಸತುವನ್ನೂ ಒಯ್ಯುತ್ತದೆ. ಸತುವಿರುವ ಮಾಂಸ, ಬೀಜಗಳನ್ನು ತಿನ್ನೋಣವೆಂದರೆ ಅವುಗಳಲ್ಲಿಯೇ ರಂಜಕವೂ ಅಧಿಕ. ರೋಗಿಯ ಸಂಕಟವಿರುವುದು ಈ ಇಕ್ಕಟ್ಟಿನಲ್ಲಿ.

ಇಂಥ ರೋಗಿಗಳ ಸಾಮಾನ್ಯ ದೂರು, ನಾಲಗೆಗೆ ರುಚಿಯಿಲ್ಲವೆಂಬುದು. ಮನೆಯವರು ಅಡುಗೆಗೆ ಬಂದ ಟೀಕೆಯೆಂದು ನೊಂದುಕೊಳ್ಳುತ್ತಾರೆ. 1980ರಲ್ಲಿ ಮಹಾಜನ್, ಪ್ರಸಾದ್ ಮೊದಲಾದವರು, ಯಾರಿಗೆ ಔಷಧ, ಯಾರಿಗೆ ಹುಸಿ ಗುಳಿಗೆ ಎಂದು ರೋಗಿಗೂ ವೈದ್ಯನಿಗೂ ತಿಳಿಯದಂತೆ ಪರೀಕ್ಷಿಸಿದಾಗ, ಸತು ಪಡೆದವರ ರುಚಿಗ್ರಹಣ ಸುಧಾರಿಸಿತ್ತು. ಆದರೆ ಅನಂತರದ ಪರೀಕ್ಷೆಗಳೆಲ್ಲ ಒಂದೇ ಮಾತನ್ನಾಡಲಿಲ್ಲ. 2020ರ ಅಮೆರಿಕನ್ ಮಾರ್ಗಸೂಚಿ, ಎಲ್ಲ ರೋಗಿಗಳಿಗೂ ವಾಡಿಕೆಯಾಗಿ ಸತು ಕೊಡುವುದು ಬೇಡವೆನ್ನುತ್ತದೆ.

ಈ ಎಚ್ಚರಿಕೆ ಸಕಾರಣವಾದುದು. ಮಿತಿಮೀರಿದ ಸತು, ಕರುಳಿನಲ್ಲಿ ತಾಮ್ರದ ದಾರಿಯನ್ನು ತಡೆಯುತ್ತದೆ; ತಾಮ್ರ ಕುಸಿದರೆ ರಕ್ತಹೀನತೆ. ಮೂತ್ರಪಿಂಡದ ರೋಗಿಗೆ ರಕ್ತಹೀನತೆ ಮೊದಲೇ ಇರುತ್ತದೆ. ಆದ್ದರಿಂದ ಅಂಗಡಿಯಿಂದ ಗುಳಿಗೆಯ ಡಬ್ಬಿ ತಂದು ನುಂಗುವುದು ವಿವೇಕವಲ್ಲ. ರುಚಿ ಹೋಯಿತೆಂಬ ಮಾತನ್ನು ಅಡುಗೆಮನೆಯಲ್ಲಿಯೇ ಮುಗಿಸದೆ ವೈದ್ಯರ ಕಿವಿಗೆ ಮುಟ್ಟಿಸುವುದು ವಿವೇಕ. ಶಿರಾಜಿನ ಆ ಯುವಕ ಏನನ್ನು ತಿನ್ನುತ್ತಿದ್ದನೆಂದು ಒಬ್ಬ ವೈದ್ಯ ಸಾವಧಾನವಾಗಿ ಕೇಳಿದ್ದರಿಂದಲೇ ಈ ಚರಿತ್ರೆ ಆರಂಭವಾಯಿತು.