ಗಾಜಿನ ತೊಟ್ಟಿಯ ತಳದ ಮಡ್ಡಿ: ಗೃಹಮತ್ಸ್ಯಾಲಯದ ಇತಿಹಾಸದಲ್ಲಿ ಅಲಕ್ಷಿತವಾದ ಒಂದು ಕಾರ್ಯ

ಗೃಹಮತ್ಸ್ಯಾಲಯದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಎತ್ತಿಕೊಂಡು, ಅವುಗಳಿಗೆ ಉತ್ತರ ದೊರೆತೊಡನೆ ವಿರಮಿಸುತ್ತಾರೆ. ಜಲಚರಗಳನ್ನು ಗಾಜಿನ ಪಾತ್ರೆಯಲ್ಲಿ ಇರಿಸಿ ಸಾಕಿದವರಲ್ಲಿ ಮೊದಲಿಗರು ಯಾರೆಂಬುದು ಒಂದು. ಆ ಪಾತ್ರೆಯೊಳಗೆ ಸಸ್ಯವೂ ಪ್ರಾಣಿಯೂ ಪರಸ್ಪರ ಹೇಗೆ ಪೋಷಿಸಿಕೊಳ್ಳುತ್ತವೆ ಎಂಬುದು ಇನ್ನೊಂದು. ಪಾತ್ರೆಯ ತಳದಲ್ಲಿ ದಿನದಿನವೂ ಸಂಚಯವಾಗುವ ಮೀನಿನ ಮಲ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಇವುಗಳನ್ನು ಹೊರತೆಗೆಯುವ ಕಾರ್ಯಕ್ಕೆ ಆ ಚರಿತ್ರೆಗಳಲ್ಲಿ ಸ್ಥಾನ ದೊರೆತಿರುವುದು ವಿರಳ. ಈ ಅಲಕ್ಷ್ಯವು ಆಕಸ್ಮಿಕವಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಒಂದು ಸಿದ್ಧಾಂತವೇ ಅದಕ್ಕೆ ಎಡೆಮಾಡಿಕೊಟ್ಟಿತು ಎಂಬುದನ್ನು ತೋರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮಡ್ಡಿಯನ್ನು ಹೀರಿ ತೆಗೆಯಬೇಕೆಂಬ ಸ್ಪಷ್ಟವಾದ ವಿಧಿ ಚೀನಾ ದೇಶದ ಗ್ರಂಥವೊಂದರಲ್ಲಿ ದೊರೆಯುತ್ತದೆ. ಹೂದಾನಿಗಳ ಪುಷ್ಪವಿನ್ಯಾಸವನ್ನು ಕುರಿತೂ ಬರೆದ ಝಾಂಗ್ ಚಿಯಾನ್‌ದೆ ಎಂಬ ವಿದ್ವಾಂಸನು ೧೫೯೬ರಲ್ಲಿ ಸಿಂಧೂರವರ್ಣದ ಮೀನುಗಳನ್ನು ಕುರಿತು 'ಝೂಷಾ ಯೂ ಪೂ' ಎಂಬ ಕಿರುಗ್ರಂಥವನ್ನು ರಚಿಸಿದನು. ಸುಂಗ್ ವಂಶದ ಕಾಲದಲ್ಲಿ ಕೊಳಗಳಲ್ಲಿ ಬೆಳೆಯುತ್ತಿದ್ದ ಹೊಮ್ಮೀನು ಮಿಂಗ್ ವಂಶದ ಕಾಲಕ್ಕೆ ಮನೆಯ ಮಣ್ಣಿನ ಕೊಪ್ಪರಿಗೆಗಳನ್ನು ಪ್ರವೇಶಿಸಿತ್ತು. ನೀರನ್ನು ಬದಲಾಯಿಸಿದ ಒಂದೆರಡು ದಿನಗಳಲ್ಲಿಯೇ ತಳದಲ್ಲಿ ಕೊಳೆ ಕೂಡುತ್ತದೆ. ಚುಕ್ಕೆಗಳುಳ್ಳ ಬಿದಿರಿನ ಒಂದು ತುಂಡಿನಿಂದ ಹೀರುಗೊಳವೆಯನ್ನು ಮಾಡಿಕೊಂಡು ಆಗಾಗ ಅದನ್ನು ತೆಗೆಯಬೇಕು. ಕಾಲ ಮೀರಿದರೆ ಮೀನಿನ ಬಣ್ಣ ಮಂಕಾಗುತ್ತದೆ, ಆದುದರಿಂದ ಈ ಕ್ರಮವು ವಿಶೇಷವಾಗಿ ಮುಖ್ಯವಾದುದು ಎಂಬುದು ಆತನ ಉಪದೇಶದ ಸಾರಾಂಶ. ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಆತನು ಕೊಡುವ ಕಾರಣವು ರಸಿಕನ ಕಾರಣವೇ ಹೊರತು ವೈದ್ಯನದಲ್ಲ. ಎರಡನೆಯದಾಗಿ, ಆತನ ದೃಷ್ಟಿಯಲ್ಲಿ ಕೊಳೆ ತೆಗೆಯುವುದು ಮತ್ಸ್ಯಪಾಲನೆಯ ಲೋಪಕ್ಕೆ ಪ್ರಾಯಶ್ಚಿತ್ತವಲ್ಲ. ಅದು ಮತ್ಸ್ಯಪಾಲನೆಯ ಅಂಗವೇ ಆಗಿದೆ.

ಬಿದಿರಿನ ಹೀರುಗೊಳವೆಯನ್ನು ಬಾಗಿದ ಸೈಫನ್ ನಳಿಕೆಯೆಂದು ಭಾವಿಸುವುದು ಅವಸರದ ನಿರ್ಣಯವಾದೀತು. ಸೈಫನ್ನಿನ ಚರಿತ್ರೆ ಬೇರೆಯದು ಮತ್ತು ಬಹು ಪುರಾತನವಾದುದು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ತನ್ನ 'ನ್ಯೂಮ್ಯಾಟಿಕಾ' ಗ್ರಂಥದಲ್ಲಿ ಅದನ್ನು ವಿಸ್ತಾರವಾಗಿ ವಿವೇಚಿಸಿದ್ದಾನೆ. ನಳಿಕೆಯ ಒಂದು ಕಾಲು ಪಾತ್ರೆಯ ನೀರಿನಲ್ಲಿ ಮುಳುಗಿರಬೇಕು. ಇನ್ನೊಂದು ಕಾಲಿನ ತುದಿ ಪಾತ್ರೆಯ ನೀರಿನ ಮಟ್ಟಕ್ಕಿಂತ ಕೆಳಗಿರಬೇಕು. ನಳಿಕೆ ಒಮ್ಮೆ ನೀರಿನಿಂದ ತುಂಬಿದರೆ ಪ್ರವಾಹವು ತಾನಾಗಿಯೇ ಸಾಗುತ್ತದೆ. ನಿಸರ್ಗವು ಶೂನ್ಯವನ್ನು ಸಹಿಸದೆಂಬ ಹಳೆಯ ವಿವರಣೆಯನ್ನು ಟಾರಿಚೆಲ್ಲಿ ಮತ್ತು ಪಾಸ್ಕಲ್ ಹದಿನೇಳನೆಯ ಶತಮಾನದಲ್ಲಿ ತಳ್ಳಿಹಾಕಿ, ವಾಯುಭಾರವನ್ನು ಅದರ ಸ್ಥಾನದಲ್ಲಿ ಪ್ರತಿಷ್ಠಾಪಿಸಿದರು. ಆದರೆ ನೀರನ್ನು ಚಲಿಸುವಂತೆ ಮಾಡುವ ಶಕ್ತಿ ಗುರುತ್ವದ್ದು. ವಾಯುಭಾರವು ಸಾಮಾನ್ಯವಾಗಿ ನೀರಿನ ಕಂಬವು ಮಧ್ಯೆ ಕಡಿಯದಂತೆ ಕಾಯುತ್ತದೆ. ಈ ಭೇದವು ಎಷ್ಟು ಸುಲಭವಾಗಿ ಮರೆಯಾಗುತ್ತದೆಂಬುದಕ್ಕೆ ಆಕ್ಸ್‌ಫರ್ಡ್ ಆಂಗ್ಲ ನಿಘಂಟೇ ನಿದರ್ಶನ: ೧೯೧೧ರಿಂದ ಅದು ಕೇವಲ ವಾಯುಭಾರವನ್ನೇ ಕಾರಣವೆಂದು ಹೇಳುತ್ತಿದ್ದುದನ್ನು ೨೦೧೦ರಲ್ಲಿ ಆಸ್ಟ್ರೇಲಿಯದ ಭೌತವಿಜ್ಞಾನಿಯೊಬ್ಬರು ಎತ್ತಿ ತೋರಿಸಿದರು.

ಇನ್ನು ಯೂರೋಪಿನ ಕಡೆಗೆ ತಿರುಗೋಣ. ಜಾನ್ ವಿಲ್‌ಪ್ರೂ-ಪವರ್ ಎಂಬ ಫ್ರೆಂಚ್ ಮಹಿಳೆ ೧೮೩೨ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಆರ್ಗೊನಾಟ್ ಎಂಬ ಚಿಪ್ಪಿನ ಜೀವಿಯನ್ನು ಪರೀಕ್ಷಿಸಲು ಗಾಜಿನ ತೊಟ್ಟಿಗಳನ್ನು ಬಳಸಿದಳು. ೧೮೪೬ರಲ್ಲಿ ಆನ್ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಹವಳಜೀವಿಗಳನ್ನು ಲಂಡನ್ನಿಗೆ ತಂದು ಸಾಕಿದಳು. ಕಡಲಿನಿಂದ ಹೊಸ ನೀರು ದೊರೆಯದಾದಾಗ ಇದ್ದ ನೀರನ್ನೇ ತೆರೆದ ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿಯಾಡಿಸಬೇಕಾಯಿತು. ದಿನವೂ ಅರ್ಧ ಗಂಟೆಗೆ ಮಿಕ್ಕಿ ನಡೆಯುತ್ತಿದ್ದ ಈ ಶ್ರಮದ ಕೆಲಸವನ್ನು ಮಾಡಿದವಳು ಮನೆಯ ಚಿಕ್ಕ ಪರಿಚಾರಿಕೆ. ೧೮೫೯ರಲ್ಲಿ ಪ್ರಕಟವಾದ ತನ್ನ ಲೇಖನದಲ್ಲಿ ಥಿನ್ ಆ ಹುಡುಗಿಯನ್ನು ಸ್ಮರಿಸಿದ್ದಾಳೆ. ಅಲ್ಲಿ ಆಕೆಯ ಸೇವೆ ಕಾಣುತ್ತದೆ, ಹೆಸರು ಕಾಣುವುದಿಲ್ಲ.

ಈ ಶ್ರಮವನ್ನು ಅನಗತ್ಯವಾಗಿಸುವ ಭರವಸೆಯೊಂದಿಗೆ ಬಂದುದು ರಾಬರ್ಟ್ ವಾರಿಂಗ್ಟನ್ನನ ಪ್ರಯೋಗ. ಲಂಡನ್ನಿನ ಔಷಧವ್ಯಾಪಾರಿಗಳ ಸಂಘದಲ್ಲಿ ರಸಾಯನವಿಜ್ಞಾನಿಯಾಗಿದ್ದ ಈತನು ೧೨ ಗ್ಯಾಲನ್ ಪ್ರಮಾಣದ ಪಾತ್ರೆಯಲ್ಲಿ ಎರಡು ಚಿಕ್ಕ ಹೊಮ್ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಇರಿಸಿದನು. ಸಸ್ಯವು ಆಮ್ಲಜನಕವನ್ನು ಕೊಡುವುದು, ಮೀನು ಇಂಗಾಲಾಮ್ಲವನ್ನು ಕೊಡುವುದು. ಹೀಗೆ ನೀರನ್ನು ಬದಲಾಯಿಸದೆಯೇ ಎರಡೂ ಬಾಳಬಲ್ಲವು ಎಂಬುದು ಆತನ ತರ್ಕ. ಆದರೆ ಹಳೆಯ ಎಲೆಗಳು ಕೊಳೆಯತೊಡಗಿದಾಗ ನೀರು ಕಲಕಿತು, ಗಾಜಿನ ಮೇಲೆ ಲೋಳೆ ಕಟ್ಟಿತು. ಆಗ ವಾರಿಂಗ್ಟನ್ ನಳಿಕೆಯನ್ನು ಹಿಡಿಯಲಿಲ್ಲ, ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನು ತಿಂದವು. ಅವುಗಳ ಮೊಟ್ಟೆಗಳು ಮೀನುಗಳಿಗೆ ಆಹಾರವಾದವು. ೧೮೫೦ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ರಾಸಾಯನಿಕ ಸಂಘದ ಮುಂದೆ ಆತನು ಈ ಫಲಿತಾಂಶವನ್ನು ಮಂಡಿಸಿದನು.

ಪ್ರಯೋಗವು ಮನೋಹರವಾದುದೆಂಬುದು ನಿರ್ವಿವಾದ. ಆದರೆ ಅದರಿಂದ ಹುಟ್ಟಿದ 'ಸಮತೋಲಿತ ತೊಟ್ಟಿ'ಯ ಕಲ್ಪನೆ ಒಂದು ವಿಚಿತ್ರ ಪರಿಣಾಮವನ್ನು ತಂದಿತು. ತೊಟ್ಟಿ ಸಮತೋಲದಲ್ಲಿದ್ದರೆ ಮಡ್ಡಿ ಕೂಡಬಾರದು. ಕೂಡಿದರೆ ಸಾಕಿದವನು ಎಲ್ಲಿಯೋ ತಪ್ಪಿದ್ದಾನೆ. ಚೀನೀ ಗ್ರಂಥಕಾರನಿಗೆ ನಿತ್ಯಕರ್ಮವಾಗಿದ್ದುದು ಇಲ್ಲಿ ಸೋಲಿನ ಕುರುಹಾಯಿತು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಸುಂಕ ೧೮೪೫ರಲ್ಲಿ ರದ್ದಾಗಿತ್ತು. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ 'ದಿ ಅಕ್ವೇರಿಯಂ' ಪ್ರಕಟವಾಯಿತು. ಸಾವಿರಾರು ಮನೆಗಳಿಗೆ ತೊಟ್ಟಿಯೊಡನೆ ಸಮತೋಲದ ನಂಬಿಕೆಯೂ ಪ್ರವೇಶಿಸಿತು.

ಆದರೂ ವ್ಯವಹಾರವು ಸಿದ್ಧಾಂತಕ್ಕೆ ಪೂರ್ಣವಾಗಿ ಶರಣಾಗಲಿಲ್ಲ. ಆ ಕಾಲದ ಕೈಪಿಡಿಗಳು ಒಂದು ಗಾಜಿನ ಕೊಳವೆಯನ್ನು ಸಲಕರಣೆಗಳ ಸಾಲಿನಲ್ಲಿ ಸೇರಿಸಿದವು. ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಕೊಳವೆಯನ್ನು ಮಡ್ಡಿಯ ಬಳಿಗೆ ಇಳಿಸುವುದು. ಬೆರಳನ್ನು ಎತ್ತಿದೊಡನೆ ಒಳಗಿನ ಗಾಳಿ ಹೊರಹೋಗಿ ನೀರು ಮಡ್ಡಿಯೊಡನೆ ಮೇಲೇರುತ್ತದೆ. ಪುನಃ ಬೆರಳನ್ನಿಟ್ಟು ಹೊರತೆಗೆಯುವುದು. ಇದರಲ್ಲಿ ಒಂದು ಸಲಕ್ಕೆ ಕೆಲವು ಗುಟುಕು ನೀರು ಮಾತ್ರ ಬರುತ್ತದೆ. ಬಾಗುವ ರಬ್ಬರ್ ನಳಿಕೆ ಸುಲಭವಾಗಿ ದೊರೆತ ಮೇಲೆ ಸೈಫನ್ ಈ ಮಿತಿಯನ್ನು ದಾಟಿತು. ನಳಿಕೆಯ ಒಳತುದಿಗೆ ಅಗಲವಾದ ಕೊಳವೆಯನ್ನು ಸೇರಿಸುವ ಉಪಾಯವು ಅದನ್ನು ಮತ್ತಷ್ಟು ಸೂಕ್ಷ್ಮಗೊಳಿಸಿತು. ಕೊಳವೆಯ ವ್ಯಾಸ ನಳಿಕೆಯ ನಾಲ್ಕರಷ್ಟಿದ್ದರೆ ಅದರೊಳಗಿನ ನೀರಿನ ವೇಗ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ಮಂದ ಪ್ರವಾಹದಲ್ಲಿ ಭಾರವಾದ ಜಲ್ಲಿ ಸ್ವಲ್ಪ ಎದ್ದು ಮರಳಿ ಬೀಳುತ್ತದೆ, ಹಗುರವಾದ ಮಡ್ಡಿ ಮೇಲೇರಿ ಹೊರಟುಹೋಗುತ್ತದೆ.

ಕೈಯ ಅನುಭವಕ್ಕೆ ಶಾಸ್ತ್ರದ ಸಮರ್ಥನೆ ದೊರೆತುದು ತಡವಾಗಿ. ವಾರಿಂಗ್ಟನ್ನನ ಲೆಕ್ಕದಲ್ಲಿ ಪ್ರಾಧಾನ್ಯ ಪಡೆದುದು ಉಸಿರಾಟದ ಅನಿಲಗಳು; ಕೊಳೆಯುವ ಪದಾರ್ಥದಿಂದ ಹುಟ್ಟುವ ಅಮೋನಿಯಾದ ಗತಿಯನ್ನು ಆ ಕಾಲದ ವಿಜ್ಞಾನವು ಇನ್ನೂ ಅರಿತಿರಲಿಲ್ಲ. ಮಣ್ಣಿನಲ್ಲಿ ಅಮೋನಿಯಾ ನೈಟ್ರೇಟಾಗಿ ಮಾರ್ಪಡುವುದು ಜೀವಿಗಳ ಕ್ರಿಯೆಯೆಂದು ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ೧೮೭೭ರಲ್ಲಿ ತೋರಿಸಿದರು; ವಿನೊಗ್ರಾಡ್‌ಸ್ಕಿ ೧೮೯೦ರಲ್ಲಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದನು. ನ್ಯೂಯಾರ್ಕ್ ಮತ್ಸ್ಯಾಲಯದ ಜೇಮ್ಸ್ ಆಟ್ಸ್ ೧೯೪೯ರಲ್ಲಿ ಸಮತೋಲಿತ ತೊಟ್ಟಿ ಒಂದು ಮಿಥ್ಯಾಕಲ್ಪನೆಯೆಂದೇ ಬರೆದು, ಅನಿಲಗಳ ವಿನಿಮಯದಲ್ಲಿ ನೀರಿನ ಮೇಲ್ಮೈಯ ಪಾತ್ರವೇ ಪ್ರಧಾನವೆಂದು ಪ್ರತಿಪಾದಿಸಿದನು. ಅಮೋನಿಯಾ ಮೀನಿಗೆ ವಿಷ. ಅದರ ಮುಂದಿನ ರೂಪವಾದ ನೈಟ್ರೈಟೂ ವಿಷವೇ. ಕೊನೆಯಲ್ಲಿ ಉಳಿಯುವ ನೈಟ್ರೇಟ್ ಅಷ್ಟು ಘಾತುಕವಲ್ಲವಾದರೂ ಸಾಮಾನ್ಯ ಗೃಹತೊಟ್ಟಿಯಲ್ಲಿ ಸಂಚಯವಾಗುತ್ತ ಹೋಗುತ್ತದೆ. ಮಡ್ಡಿಯನ್ನು ಅದರೊಡನೆ ಒಂದು ಪಾಲು ನೀರನ್ನೂ ತೆಗೆದು ಹೊಸ ನೀರನ್ನು ತುಂಬುವ ಕ್ರಮವು ವಿಷದ ಮೂಲವನ್ನೂ ಫಲವನ್ನೂ ಏಕಕಾಲದಲ್ಲಿ ತಗ್ಗಿಸುತ್ತದೆ.

ಹಾಗೆಂದು ವಾರಿಂಗ್ಟನ್ ಸಂಪೂರ್ಣವಾಗಿ ತಪ್ಪಿದನೆನ್ನುವುದು ನ್ಯಾಯವಲ್ಲ. ಅಮೋನಿಯಾವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಜಲ್ಲಿಯ ಮೇಲ್ಮೈಯಲ್ಲಿಯೂ ನೆಲೆಸಿರುತ್ತವೆ. ತಳವನ್ನು ಕಿತ್ತು, ತಿಕ್ಕಿ ತೊಳೆದು ನಿರ್ಮಲಗೊಳಿಸಿದವನು ಮೀನಿನ ರಕ್ಷಕರನ್ನೇ ಹೊರಹಾಕಿದಂತಾಗುತ್ತದೆ. ತೊಟ್ಟಿಯೊಳಗೆ ಜೀವಿಗಳ ಪರಸ್ಪರಾವಲಂಬನೆ ಇದೆಯೆಂಬ ಆತನ ಮೂಲದೃಷ್ಟಿ ಸತ್ಯ. ಅದು ಮನುಷ್ಯನ ಕೈಯನ್ನು ಬೇಡದಷ್ಟು ಸ್ವಯಂಪೂರ್ಣವೆಂಬ ಅನುಮಾನವೊಂದೇ ಅಸತ್ಯ. ಕೆರೆಗೆ ಹರಿದುಬರುವ ನೀರುಂಟು, ಕೋಡಿಯುಂಟು, ವಿಸ್ತಾರವುಂಟು. ಆದರೂ ನಮ್ಮ ಹಿರಿಯರು ಅದರ ಹೂಳನ್ನು ತೆಗೆಸುತ್ತಿದ್ದರು. ಒಳಹರಿವೂ ಹೊರಹರಿವೂ ಇಲ್ಲದ ಗಾಜಿನ ಪೆಟ್ಟಿಗೆಗೆ ಆ ಕಾರ್ಯವನ್ನು ಯಾರಾದರೂ ಮಾಡಲೇಬೇಕು.

ಮೇಲ್ಕಂಡ ವಿವೇಚನೆಯಿಂದ ಒಂದು ಅಂಶ ವಿದಿತವಾಗುತ್ತದೆ. ಒಂದು ಸಿದ್ಧಾಂತವು ಯಾವ ಕೆಲಸವನ್ನು ಅನಗತ್ಯವೆಂದು ಸಾರುತ್ತದೆಯೋ ಆ ಕೆಲಸವನ್ನು ಮಾಡುವವರು ಅದರ ಚರಿತ್ರೆಯಿಂದಲೂ ಮರೆಯಾಗುತ್ತಾರೆ. ವಾರಿಂಗ್ಟನ್ನನ ಹೆಸರು ಉಳಿದಿದೆ. ಥಿನ್‌ಳ ಕಿಟಕಿಯ ಬಳಿ ನಿಂತು ನೀರು ಸುರಿದ ಹುಡುಗಿಯ ಹೆಸರು ಅಂದಿನ ಆ ಲೇಖನದಲ್ಲಿಯೂ ಬರಲಿಲ್ಲ. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ಪ್ರಯೋಗಶಾಲೆಗಳಲ್ಲಿಯೂ ತೊಟ್ಟಿಯ ತಳವನ್ನು ಶುಚಿಮಾಡುವ ಸಹಾಯಕನ ಉಲ್ಲೇಖ ಪ್ರಬಂಧಗಳಲ್ಲಿ ಅಪೂರ್ವ. ವಿಜ್ಞಾನದ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಯು ಒಂದು ಪ್ರಯೋಗದ ವರದಿಯನ್ನು ಓದುವಾಗ, ಅಲ್ಲಿ ಏನನ್ನು ಪರೀಕ್ಷಿಸಲಾಯಿತೆಂಬುದರ ಜೊತೆಗೆ, ಪ್ರಯೋಗವು ನಡೆದಷ್ಟು ಕಾಲ ಆ ಪಾತ್ರೆಯನ್ನು ಯಾರು ಶುಚಿಯಾಗಿ ಇರಿಸಿದರೆಂಬುದನ್ನೂ ಕೇಳುವುದು ಯುಕ್ತ.