ಕಾನು, ಬನ, ದಾಖಲಾತಿ: ಶೃಂಗೇರಿ ಸೀಮೆಯಲ್ಲಿ ನಿಸರ್ಗ ನಿರ್ವಹಣೆಯ ಸ್ಥಳೀಯ ಪರಂಪರೆ

ಗ್ರಾಮಸಂಸ್ಥೆಗಳು ತಮ್ಮ ಎಲ್ಲೆಯ ನಿಸರ್ಗ ಸಂಪತ್ತನ್ನು ಕಾಯುವ, ದಾಖಲಿಸುವ ಹೊಣೆ ಹೊತ್ತದ್ದು ಜೀವವೈವಿಧ್ಯ ಅಧಿನಿಯಮ, 2002 ಜಾರಿಗೆ ಬಂದ ಮೇಲೆ ಎಂಬ ಗ್ರಹಿಕೆ ವ್ಯಾಪಕವಾಗಿದೆ. ಕಾನೂನಿನ ದೃಷ್ಟಿಯಿಂದ ಈ ಮಾತು ಸರಿ. ಆದರೆ ಜಾನಪದ ಅಧ್ಯಯನದ ದೃಷ್ಟಿಯಿಂದ ನೋಡಿದರೆ, ಮಲೆನಾಡಿನಲ್ಲಿ ಈ ಹೊಣೆ ಬಹು ಹಳೆಯದು. ಕಾನೂನು ಅದಕ್ಕೆ ಹೊಸ ಹೆಸರನ್ನೂ ಹೊಸ ನಮೂನೆಯನ್ನೂ ಕೊಟ್ಟಿತಷ್ಟೆ. ಹಳೆಯ ಕಟ್ಟಳೆಯಲ್ಲಿದ್ದ ಯಾವ ಅಂಶ ಹೊಸ ದಾಖಲಾತಿಗೆ ಬಂದಿದೆ, ಯಾವುದು ಹೊರಗುಳಿಯುವ ಅಪಾಯವಿದೆ ಎಂಬುದನ್ನು ಶೃಂಗೇರಿ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರಿನೊಳಗಿನ ಕಟ್ಟಳೆ

ಶೃಂಗೇರಿಯು ತುಂಗಾನದಿಯ ಮೇಲ್ದಂಡೆಯ ನಾಡು. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಕೆರೆಕಟ್ಟೆ, ನೆಮ್ಮಾರುಗಳನ್ನು ಹಾದು ಶೃಂಗೇರಿಗೆ ಬಂದು, ಹರಿಹರಪುರದ ಮೂಲಕ ತೀರ್ಥಹಳ್ಳಿಯತ್ತ ಸಾಗುತ್ತಾಳೆ. ಇನಾಂ ರದ್ದತಿಯವರೆಗೆ ಶೃಂಗೇರಿ ಮಠದ ಜಹಗೀರಾಗಿದ್ದ ಈ ಸೀಮೆಯಲ್ಲಿ ಅಡಿಕೆ ತೋಟ, ಭತ್ತದ ಗದ್ದೆ, ಕಾಡು ಇವು ಒಂದನ್ನೊಂದು ಆಶ್ರಯಿಸಿ ಬೆಳೆದಿವೆ. ಇಲ್ಲಿನ ಜನಪದರು ಕಾಡನ್ನು ಕಾಡು ಎಂಬ ಒಂದೇ ಮಾತಿನಿಂದ ಕರೆದವರಲ್ಲ. ಕಾನು, ಹಾಡ್ಯ, ಸೊಪ್ಪಿನಬೆಟ್ಟ, ಚೌಡಿಬನ, ಭೂತನಬನ, ನಾಗಬನ ಎಂದು ಅದನ್ನು ವಿಂಗಡಿಸಿದ್ದಾರೆ. ಇವು ಬರಿಯ ಸ್ಥಳನಾಮಗಳಲ್ಲ. ಒಂದೊಂದು ಹೆಸರೂ ಒಂದೊಂದು ಬಳಕೆಯ ನಿಯಮ. ಸೊಪ್ಪಿನಬೆಟ್ಟದಿಂದ ಸೊಪ್ಪು, ದರಗು ತರಬಹುದು. ಅವು ಕೊಟ್ಟಿಗೆಯ ಹಾಸಾಗಿ, ಗೊಬ್ಬರವಾಗಿ ತೋಟವನ್ನು ಸೇರುತ್ತವೆ. ನಿತ್ಯಹಸುರಿನ ಕಾನಿನಲ್ಲಿ ಕಾಳುಮೆಣಸು, ಬೈನೆ, ಉಪ್ಪಾಗೆ, ಜೇನು ಉಂಟು. ಅಲ್ಲಿ ಫಲ ಕೊಯ್ಯಬೇಕು, ಮರ ಕಡಿಯಬಾರದು. ಬನದಲ್ಲಿ ಒಣಗಿ ಬಿದ್ದ ಕೊಂಬೆಯನ್ನೂ ಮುಟ್ಟುವಂತಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆಧುನಿಕ ಕಾನೂನು ಕೂಡ ಈ ಶಬ್ದಗಳನ್ನು ಕೈಬಿಡಲಾಗಲಿಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 79ನೆಯ ಪ್ರಕರಣವು ಮೈಸೂರು ಪ್ರದೇಶದ ಕಾನು ಹಾಗೂ ಸೊಪ್ಪಿನಬೆಟ್ಟಗಳ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿಗಳ, ಕೊಡಗಿನ ಬಾಣೆ ಮತ್ತು ಜಮ್ಮಗಳ ಹೆಸರನ್ನೆತ್ತಿ ಅಲ್ಲಿನ ರೂಢಿಯ ಸೌಲಭ್ಯಗಳನ್ನು ಮುಂದುವರಿಸಿತು.

ದೇವರ ಒಡೆತನ, ಊರಿನ ಕಾವಲು

1801ರಲ್ಲಿ ಕನ್ನಡ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಾಡು ಆಯಾ ಊರಿನ ದೇವರ ಸ್ವತ್ತೆಂದು ಜನ ನಂಬಿದ್ದನ್ನೂ, ಮರ ಕಡಿಯಲು ಗೌಡನ ಅಪ್ಪಣೆ ಬೇಕಾಗಿದ್ದುದನ್ನೂ, ಆ ಗೌಡನೇ ಗ್ರಾಮದೇವತೆಯ ಪೂಜಾರಿಯೂ ಆಗಿದ್ದುದನ್ನೂ ದಾಖಲಿಸಿದ್ದಾನೆ. ಸರಕಾರ ಕಾಡಿನ ಮೇಲೆ ಹಕ್ಕು ಸ್ಥಾಪಿಸದಂತೆ ತಡೆಯುವ ಉಪಾಯವಿದು ಎಂಬ ಸಂಶಯವನ್ನೂ ಅವನು ವ್ಯಕ್ತಪಡಿಸುತ್ತಾನೆ. ಆ ಸಂಶಯದಲ್ಲಿಯೇ ಒಂದು ಸತ್ಯವಿದೆ: ದೇವರ ಹೆಸರಿನಲ್ಲಿ ನಡೆಯುತ್ತಿದ್ದುದು ಊರಿನ ಆಡಳಿತವೇ. ಅಪ್ಪಣೆ ಕೊಡುವವನು, ತಪ್ಪುಕಾಣಿಕೆ ಕಟ್ಟಿಸಿಕೊಳ್ಳುವವನು, ಬನದ ಗಡಿಯನ್ನು ನೆನಪಿಡುವವನು ಎಲ್ಲರೂ ಊರಿನವರೇ ಆಗಿದ್ದರು.

ನೀರಿಗೂ ಇದೇ ನ್ಯಾಯ. ಶೃಂಗೇರಿಯ ಸ್ನಾನಘಟ್ಟದ ಮೀನುಗಳನ್ನು ಯಾರೂ ಹಿಡಿಯುವಂತಿಲ್ಲ. ಕೆಳಹರಿವಿನಲ್ಲಿ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿಯೂ ಅದೇ ಕಟ್ಟಳೆ. ಆದರೆ ಇದೇ ಮಲೆನಾಡಿನಲ್ಲಿ ಮುಂಗಾರಿನ ಮೊದಲ ನೀರಿಗೆ ಹಳ್ಳ, ಗದ್ದೆಗಳತ್ತ ಏರಿಬರುವ ಹತ್ತುಮೀನನ್ನು ಹಿಡಿಯುವ ರೂಢಿಯೂ ಇದೆ. ಮೊಟ್ಟೆಯಿಡಲು ಹೊರಟ ಮೀನು ಒಂದೆಡೆ ಕೂಣಿಗೆ ಬಿದ್ದರೆ, ಇನ್ನೊಂದೆಡೆ ದೇವರ ಮಡುವಿನಲ್ಲಿ ತಾಯಿಮೀನು ಉಳಿಯುತ್ತದೆ. ಬಳಕೆ ಮತ್ತು ನಿಷೇಧ ಒಂದೇ ಹೊಳೆಯ ಉದ್ದಕ್ಕೂ ಹಂಚಿಹೋಗಿವೆ. ಹೆತ್ತ ಕಪ್ಪೆಗೆ ಹಾವು ಹೆಡೆಯೆತ್ತಿ ನೆರಳಾದ ಸ್ಥಳಪುರಾಣ ಇದೇ ದಂಡೆಯ ಕಪ್ಪೆ ಶಂಕರನ ಶಿಲ್ಪದಲ್ಲಿ ಉಳಿದಿರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ.

ಹಾಗೆಂದು ಹಳೆಯ ವ್ಯವಸ್ಥೆಯನ್ನು ಆದರ್ಶವೆಂದು ಹೊಗಳುವಂತಿಲ್ಲ. ಬೆಟ್ಟದ ಸೌಲಭ್ಯ ತೋಟವಿದ್ದವನದು. ತೋಟವಿಲ್ಲದ ಕೂಲಿಯವನು ಸೊಪ್ಪು ಹೊತ್ತನೇ ಹೊರತು ಅದರ ತೀರ್ಮಾನದಲ್ಲಿ ಪಾಲುಗಾರನಾಗಲಿಲ್ಲ. ಕಾಡಿನ ಗೆಡ್ಡೆ, ಚಿಗುರು, ಔಷಧಿಗಳನ್ನು ಹೆಚ್ಚು ಬಲ್ಲ ಹೆಂಗಸರು ಊರಿನ ಕೂಟದಲ್ಲಿ ಮಾತಾಡಿದ ನಿದರ್ಶನಗಳು ವಿರಳ.

ಇಲಾಖೆಯ ಕಾಲ

1864ರಲ್ಲಿ ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಯಿತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳನ್ನು ಕುರಿತು ಸಲ್ಲಿಸಿದ ವರದಿಯು, ಊರಿನವರ ಬಳಕೆಯಲ್ಲಿದ್ದ ಕಾನುಗಳತ್ತ ಇಲಾಖೆಯ ಗಮನ ಬೇಗನೆ ಹರಿದುದನ್ನು ತೋರಿಸುತ್ತದೆ. ಅಲ್ಲಿಂದ ಮುಂದೆ ಕಾಡಿನ ತೀರ್ಮಾನ ಕ್ರಮೇಣ ಊರಿನಿಂದ ಕಚೇರಿಗೆ ಸರಿಯಿತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಇವು ಈ ಸೀಮೆಯ ಪರಿಸರಕ್ಕೆ ನಿರ್ಣಾಯಕ ಘಟನೆಗಳು. ಆದರೆ ಇವುಗಳ ತೀರ್ಮಾನ ನಡೆದುದು ಗ್ರಾಮಪಂಚಾಯತಿಯಲ್ಲಿ ಅಲ್ಲ.

2011ರಲ್ಲಿ ಮಾಧವ ಗಾಡ್ಗೀಳ್ ನೇತೃತ್ವದ ತಜ್ಞ ಸಮಿತಿಯು ಪಶ್ಚಿಮಘಟ್ಟದ ಸೂಕ್ಷ್ಮ ವಲಯಗಳ ಪ್ರಸ್ತಾವವನ್ನು ಗ್ರಾಮಸಭೆಗಳ ಮುಂದಿಡಬೇಕೆಂದಿತು. 2013ರ ಕಸ್ತೂರಿರಂಗನ್ ಸಮಿತಿ ಮುಖ್ಯವಾಗಿ ಉಪಗ್ರಹ ಚಿತ್ರಗಳನ್ನು ಆಧರಿಸಿ ಗ್ರಾಮಗಳನ್ನು ಗುರುತಿಸಿತು. ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶ ಇದರಲ್ಲಿ ಸೇರಿತು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲೂಕುಗಳ ಗ್ರಾಮಗಳೂ ಇದ್ದವು. ಮಲೆನಾಡಿನಲ್ಲಿ ವಿರೋಧ ತೀವ್ರವಾಯಿತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಈ ವರದಿಯನ್ನು ತಿರಸ್ಕರಿಸುವ ತೀರ್ಮಾನ ಕೈಗೊಂಡಿತು. ಬನವನ್ನು ತಲೆಮಾರುಗಳಿಂದ ಕಾಯ್ದ ಜನರೇ ಸಂರಕ್ಷಣೆಯೆಂಬ ಮಾತಿಗೆ ಹೆದರುವಂತಾದುದು ಏಕೆ ಎಂಬುದು ಯೋಚಿಸಬೇಕಾದ ಪ್ರಶ್ನೆ. ಕೇಳದೆ ಎಳೆದ ಗಡಿಯನ್ನು ಜನ ತಮ್ಮದೆಂದು ಭಾವಿಸಲಿಲ್ಲ ಎಂಬುದು ಅದಕ್ಕೊಂದು ಉತ್ತರ.

ದಾಖಲಾತಿಯ ಕಾಲ

ಈ ನಡುವೆ ತೆರೆದ ಇನ್ನೊಂದು ದಾರಿ ಜನತಾ ಜೀವವೈವಿಧ್ಯ ದಾಖಲಾತಿಯದು. 1990ರ ದಶಕದಲ್ಲಿ ಗಾಡ್ಗೀಳ್ ಮತ್ತು ಅವರ ಸಂಗಡಿಗರು ಈ ಪ್ರಯೋಗ ನಡೆಸಿದ ಊರುಗಳಲ್ಲಿ, ಘಟ್ಟದ ಕೆಳಗಿನ ಕಾರ್ಕಳ ತಾಲೂಕಿನ ಮಾಳವೂ ಒಂದು. 2002ರ ಅಧಿನಿಯಮದ 41ನೆಯ ಪ್ರಕರಣ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕೆಂದು ವಿಧಿಸಿತು. 2004ರ ನಿಯಮಗಳು ನಾಮಕರಣಗೊಳ್ಳುವ ಸದಸ್ಯರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರೂ, ಶೇ. 18ಕ್ಕೆ ಕಡಿಮೆಯಿಲ್ಲದಂತೆ ಪರಿಶಿಷ್ಟ ಜಾತಿ ಹಾಗೂ ಪಂಗಡದವರೂ ಇರಬೇಕೆಂದವು. ಹಳೆಯ ಊರೊಟ್ಟಿನ ಕೂಟ ಕೊಡದಿದ್ದ ಸ್ಥಾನವನ್ನು ಕಾನೂನು ಕೊಟ್ಟಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಅನುಷ್ಠಾನದ ಚರಿತ್ರೆ ಬೇರೆ. 2016ರ ಹೊತ್ತಿಗೆ ದೇಶದಲ್ಲಿ ಇಂಥ ಸಮಿತಿಗಳು ಹತ್ತು ಸಾವಿರದಷ್ಟೂ ಇರಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂ. ತೆರಬೇಕೆಂದ ಮೇಲೆ ಸಂಖ್ಯೆ ಎರಡೂವರೆ ಲಕ್ಷವನ್ನು ದಾಟಿತು. ಗಡುವಿಗೆ ಬರೆದ ದಾಖಲಾತಿ ಸಸ್ಯಗಳ, ಪ್ರಾಣಿಗಳ ಪಟ್ಟಿಯಾಗಿ ನಿಲ್ಲುವ ಸಂಭವವೇ ಹೆಚ್ಚು. ಉಪ್ಪಾಗೆಯ ಹೆಸರು, ಆವಾಸ, ಉಪಯೋಗ ಬರೆಯುವುದು ಸುಲಭ. ಅದನ್ನು ಕೊಯ್ಯುವ ಹಕ್ಕು ಯಾರದು, ಯಾವ ಹೊತ್ತಿಗೆ ಕೊಯ್ಯಬೇಕು, ಹಕ್ಕಿಗೆಷ್ಟು ಬಿಡಬೇಕು, ಕಟ್ಟಳೆ ಮೀರಿದವನನ್ನು ಯಾರು ಕೇಳಬೇಕು ಎಂಬುದನ್ನು ಬರೆಯಲು ಊರಿನವರ ಜೊತೆ ಕುಳಿತು ಕೇಳುವ ವ್ಯವಧಾನ ಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಮಲೆನಾಡಿನ ಸ್ಥಳೀಯ ಜ್ಞಾನವೆಂದರೆ ಗಿಡಮರಗಳ ಹೆಸರಿನ ಸಂಗ್ರಹ ಮಾತ್ರವಲ್ಲ. ಬಳಕೆಯ ಮಿತಿಯನ್ನು ಊರೇ ನಿಶ್ಚಯಿಸಿ ಊರೇ ಕಾಯುವ ಕ್ರಮ. ಕ್ರಮವನ್ನು ಬಿಟ್ಟು ಹೆಸರನ್ನಷ್ಟೇ ದಾಖಲಿಸಿದರೆ ಕಾನು ಕಾಗದದಲ್ಲಿ ಉಳಿಯುತ್ತದೆ. ಇಂದಿಗೂ ಕಾನಿನ ಕಟ್ಟಳೆಯನ್ನು ವಿವರವಾಗಿ ಹೇಳಬಲ್ಲ ಹಿರಿಯರು ಊರೂರಿಗೆ ಕೆಲವರಾದರೂ ಇದ್ದಾರೆ. ದಾಖಲಾತಿಯನ್ನು ಪರಿಷ್ಕರಿಸುವ ಅವಕಾಶ ಪಂಚಾಯತಿಗಳಿಗೆ ಇದ್ದೇ ಇದೆ. ಈ ಕಾರ್ಯದಲ್ಲಿ ಸಸ್ಯಶಾಸ್ತ್ರಜ್ಞರ ಜೊತೆ ಜಾನಪದ ವಿದ್ವಾಂಸರೂ ಕೈಜೋಡಿಸಬೇಕಾಗಿದೆ; ಅದೂ ಆ ಹಿರಿಯರು ಇರುವಾಗಲೇ.